‘ಕೂಸು ಎದ್ದಿತ್ತೇನು?’

ಹೋದ ತಿಂಗಳು ಒಂದು ಮುಂಜಾನೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಫೋನ್ ಬಂತು. ನಮ್ಮ ಓಣಿಯ ಹುಡುಗಿ. ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ದನಿಯಲ್ಲೇ ಗಾಬರಿ ಗೊತ್ತಾಗುತ್ತಿತ್ತು.

“ಅಜ್ಜೀ, ನಮ್ಮ ವಾರ್ಡಿಗೆ ಗಂಟಲಮಾರಿ ಕೇಸ್ ಬಂದೈತ್ರಿ. ನಾವು ಪುಸ್ತಕದಾಗ ಅಷ್ಟ ಓದೇವಿ, ಕಣ್ಣಲೆ ನೋಡಿಲ್ಲ. ನೀವು ಆಗ ಏನ ಮಾಡ್ತಿದ್ರಿ?”

ಡಾಕ್ಟರ್ ಹೇಳಿದ್ದನ್ನು ಮಾಡು, ಮಾಸ್ಕ್ ತೆಗೆಯಬೇಡ, ನಿನ್ನ ಲಸಿಕೆ ಆಗಿದೆಯೋ ಇಲ್ಲವೋ ಮೊದಲು ನೋಡಿಕೋ ಎಂದೆಲ್ಲ ಹೇಳಿದೆ. ಕೊನೆಗೆ, “ಗಂಟಲು ಸ್ವಚ್ಛ ಆತು ಅಂತ ಕೂಸಿನ್ನ ಎಬ್ಬಿಸಬ್ಯಾಡ. ಯಾರು ಏನ ಅಂದ್ರೂ ಎಬ್ಬಿಸಬ್ಯಾಡ” ಎಂದೆ. ಆ ಮಾತನ್ನು ಎಷ್ಟು ಸಲ ಹೇಳಿದೆನೋ ಏನೋ, “ಆತ್ರಿ ಅಜ್ಜಿ, ತಿಳೀತು” ಎಂದು ಅವಳೇ ಫೋನ್ ಇಟ್ಟಳು. ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು. ನಾನು ಕಟ್ಟೆಯ ಮೇಲೆ ಕುಳಿತವಳು ಬಹಳ ಹೊತ್ತು ಏಳಲಿಲ್ಲ. ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ಅವಳೂ ಓದಲಿ, ಅವಳ ಜೊತೆಯ ಹುಡುಗಿಯರೂ ಓದಲಿ.

ನಾನು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆ ದುಡಿದವಳು. ಯಾವಾಗ ಸೇರಿದೆ, ಯಾವಾಗ ಸಿಸ್ಟರ್ ಇನ್‌ಚಾರ್ಜ್ ಆದೆ, ಬೀಳ್ಕೊಡುವಾಗ ಯಾವ ಬಣ್ಣದ ಶಾಲು ಹೊದಿಸಿದರು ಎಂಬುದರಿಂದ ನಿಮಗೆ ಆಗಬೇಕಾದದ್ದು ಏನೂ ಇಲ್ಲ. ನಾನು ಹೇಳುವ ಆಸ್ಪತ್ರೆ ಆ ಮೂರರಲ್ಲಿ ಯಾವ ಊರಿನದೆಂದೂ ಹೇಳುವುದಿಲ್ಲ. ಆ ಕಟ್ಟಡ ಈಗ ಇಲ್ಲ. ಊರು ಮುಗಿದು ಹೊಲ ಶುರುವಾಗುವ ಕಡೆ ಉದ್ದನೆಯ ಹೆಂಚಿನ ಮನೆಯೊಂದಿತ್ತು. ವಾಂತಿಭೇದಿಯವರಿಗೆ ಒಂದು ಕೋಣೆ, ಧನುರ್ವಾಯುವಿನವರಿಗೆ ಒಂದು, ಗಂಟಲಮಾರಿಯ, ಅಂದರೆ ಡಿಫ್ತೀರಿಯಾದ, ಮಕ್ಕಳಿಗೆ ಕೊನೆಯದು. ಜನ ಅದಕ್ಕೆ ‘ಹೊರಗಿನ ದವಾಖಾನಿ’ ಎನ್ನುತ್ತಿದ್ದರು. ಆ ರಸ್ತೆಯಲ್ಲಿ ಬಸ್ಸು ನಮಗಾಗಿ ನಿಲ್ಲುತ್ತಿತ್ತು, ಆದರೆ ನಾವು ಹತ್ತಿದ ಮೇಲೆ ಪಕ್ಕದ ಸೀಟು ಮಾತ್ರ ಖಾಲಿಯಾಗುತ್ತಿತ್ತು. ಮನೆಯಲ್ಲಿ ನಮ್ಮವ್ವ ನನಗೆ ಬೇರೆ ತಾಟು ಇಟ್ಟಿದ್ದಳು. ಹಿತ್ತಲ ಬಾಗಿಲಿನಿಂದ ಬಂದು, ಸ್ನಾನ ಮಾಡಿ, ಸೀರೆಯನ್ನು ಬಿಸಿನೀರಿನಲ್ಲಿ ಅದ್ದಿದ ಮೇಲೆಯೇ ಒಳಗೆ ಕಾಲಿಡಬೇಕು. ನನಗೆ ಅದರಿಂದ ಬೇಸರವೇನೂ ಇರಲಿಲ್ಲ, ಏಕೆಂದರೆ ಅವಳಿಗಿಂತ ಹೆಚ್ಚು ಹೆದರುತ್ತಿದ್ದವಳು ನಾನೇ.

ಖರೇ ಹೇಳಬೇಕೆಂದರೆ ನಾನು ಹುಟ್ಟಾ ಅಂಜುಬುರುಕಿ. ಈಗಲೂ ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಮೂರು ಸಲ ನೋಡುತ್ತೇನೆ. ಮೊಮ್ಮಗು ಮಧ್ಯಾಹ್ನ ಮಲಗಿದರೆ ಎದೆ ಏರಿಳಿಯುವುದನ್ನು ನೋಡುತ್ತ ಕೂರುತ್ತೇನೆ. “ಅತ್ತೀ, ಅದು ಬರೇ ನಿದ್ದಿ ಮಾಡಾಕತ್ತೈತ್ರಿ” ಎಂದು ಸೊಸೆ ನಗುತ್ತಾಳೆ. ನಗಲಿ. ಇಂಥವಳು ನರ್ಸ್ ಆದದ್ದು ಹೇಗೆ ಎಂದು ನೀವು ಕೇಳಬಹುದು. ಹೆದರುವವರು ನರ್ಸ್ ಆಗಬಾರದು ಎಂದೇನಿಲ್ಲ. ಆದರೆ ಹೆದರಿ ಸುಳ್ಳು ಹೇಳುವವರು ಆಗಬಾರದು. ಅದನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ.

ನಮ್ಮ ಡಾಕ್ಟರ್ ಸಾಹೇಬರು ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಸೇರಿದ ಹೊಸದರಲ್ಲಿ ಧನುರ್ವಾಯುವಿನ ಕೋಣೆಯಲ್ಲಿ ನನ್ನ ಕೈಯಿಂದ ಸ್ಟೀಲಿನ ಟ್ರೇ ಬಿದ್ದಿತ್ತು. ಆ ರೋಗಿಗಳಿಗೆ ಸಣ್ಣ ಸಪ್ಪಳವೂ ಆಗದು. ಬೆಳಕೂ ಆಗದು, ಅದಕ್ಕೇ ಕಿಟಕಿಗೆ ಕರಿಯ ಬಟ್ಟೆ ಕಟ್ಟಿರುತ್ತಿದ್ದೆವು. ಟ್ರೇ ಬಿದ್ದ ಕೂಡಲೇ ಮೋಟೆಬೆನ್ನೂರಿನ ಒಬ್ಬ ರೈತನ ಮೈ ಬಿಲ್ಲಿನಂತೆ ಬಾಗಿತು. ಹಲ್ಲು ಕಚ್ಚಿದ ಸದ್ದು ನನ್ನ ಕಿವಿಗೆ ಕೇಳಿಸಿತು. ಡಾಕ್ಟರ್ ಓಡಿ ಬಂದು ಇಂಜೆಕ್ಷನ್ ಕೊಟ್ಟು ಅವನನ್ನು ಸಮಾಧಾನಕ್ಕೆ ತಂದರು. ನಾನು ಗೋಡೆಗೆ ಅಂಟಿಕೊಂಡು ನಿಂತು, “ನನ್ನ ಕೈಯಿಂದ ಬಿತ್ರಿ ಸರ್” ಎಂದೆ.

“ನೀ ಹೇಳಿದ್ದು ಛಲೋ ಆತು. ಇಲ್ಲಂದ್ರ ಬ್ಯಾನಿ ತಾನ ಜಾಸ್ತಿ ಆತು ಅಂದ್ಕೊಂಡು ನಾ ಡೋಸ್ ಏರಸ್ತಿದ್ದೆ” ಎಂದರು. ನಂತರ ನನ್ನ ಕೈ ನೋಡಿ, “ನಾಳಿಂದ ಬಳಿ ಹಾಕ್ಕೊಂಡು ಈ ಖೋಲಿಗೆ ಬರಬ್ಯಾಡ” ಎಂದರು. ಅಷ್ಟೇ ಬೈಗುಳ. ಅವರ ನಿಯಮ ಒಂದೇ: “ತಪ್ಪು ಆಗ್ತಾವ. ಬಚ್ಚಿಡಬ್ಯಾಡ್ರಿ. ನೀವು ಏನ ಹೇಳ್ತೀರಿ ಅದರ ಮ್ಯಾಲೆ ನಾ ಮುಂದಿನ ಔಷಧ ಕೊಡ್ತೇನಿ.” ಆ ರೈತ ಮುಂದೆ ಗುಣವಾಗಿ ನಡೆದುಕೊಂಡೇ ಮನೆಗೆ ಹೋದ. ಹಾಗಾಗಿ ನಿಜ ಹೇಳುವುದು ಸುಲಭ ಎಂದು ನಾನು ತಿಳಿದುಕೊಂಡಿದ್ದೆ.

ಆಮೇಲೆ ಬಂದವಳು ಕಸ್ತೂರಿ. ಗುತ್ತಲದವಳು, ಆರೇಳು ವರ್ಷದ ಹುಡುಗಿ. ಅವಳ ತಾಯಿ ಗಂಗವ್ವ ಬಗಲಲ್ಲಿ ಹೊತ್ತುಕೊಂಡು ಬಂದಿದ್ದಳು. ಕುತ್ತಿಗೆ ಬಾತು ದವಡೆಯೇ ಕಾಣುತ್ತಿರಲಿಲ್ಲ. ಬಾಯಿ ತೆರೆಸಿ ಬ್ಯಾಟರಿ ಹಿಡಿದರೆ ಗಂಟಲ ತುಂಬ ಬೂದಿ ಬಣ್ಣದ ಪೊರೆ. ಆ ಪೊರೆಯ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಮರೆಯುವುದಿಲ್ಲ. ಪೊರೆ ಬೆಳೆದು ಉಸಿರಿನ ದಾರಿ ಮುಚ್ಚುತ್ತದೆ, ಅದು ಒಂದು ಅಪಾಯ. ರೋಗದ ವಿಷ ರಕ್ತಕ್ಕಿಳಿದು ಹೃದಯವನ್ನು ಹಿಡಿಯುತ್ತದೆ, ಅದು ಇನ್ನೊಂದು. ವಿಷ ಮುರಿಯುವುದಕ್ಕೆ ಕುದುರೆಯ ರಕ್ತದಿಂದ ಮಾಡಿದ ಸೀರಮ್ ಇತ್ತು. ಹಳೆಯ ಫ್ರಿಜ್ಜಿನಲ್ಲಿ ಅದರ ಬಾಟಲಿಗಳನ್ನು ಜೋಪಾನವಾಗಿ ಇಡುತ್ತಿದ್ದೆವು. ಕೆಲವರ ಮೈಗೆ ಅದು ಒಗ್ಗದು. ಆದ್ದರಿಂದ ಮೊದಲು ಚರ್ಮದಡಿ ಒಂದು ಹನಿ ಚುಚ್ಚಿ, ಅರ್ಧ ಗಂಟೆ ಕಾದು, ಆಮೇಲೆ ಪೂರ್ತಿ ಕೊಡಬೇಕು. ಗಾಜಿನ ಸಿರಿಂಜು, ಸೂಜಿ ಎಲ್ಲ ನಾವೇ ಕುದಿಸುತ್ತಿದ್ದೆವು. ಮೊಂಡಾದ ಸೂಜಿಯನ್ನು ಕಲ್ಲಿಗೆ ಮಸೆದು ಚೂಪು ಮಾಡುತ್ತಿದ್ದೆವು. ನಿಮಗೆ ಈಗ ಅದನ್ನು ಕೇಳಿದರೆ ಮೈ ಝುಂ ಎನ್ನಬಹುದು.

ಕಸ್ತೂರಿಗೆ ಸೀರಮ್ ಒಗ್ಗಿತು. ನಾಲ್ಕೈದು ದಿನದಲ್ಲಿ ಪೊರೆ ಅಂಚಿನಿಂದ ಸುಲಿಯತೊಡಗಿತು, ಉಸಿರು ಹಗುರಾಯಿತು. ವಾರ ಕಳೆಯುವಷ್ಟರಲ್ಲಿ ಹುಡುಗಿ ನನ್ನ ಟೋಪಿ ಬೇಡುವಷ್ಟು ಚುರುಕಾದಳು. “ಬಾಯಾರ, ನಿಮ್ಮ ಬಿಳಿ ಟೊಪಿಗಿ ನನಗ ಹಾಕ್ರಿ” ಎಂದು ಮೂಗಿನಿಂದ ಮಾತಾಡುತ್ತಿದ್ದಳು. ನರ್ಸಿಗೆ ನಮ್ಮ ಕಡೆ ‘ಬಾಯಾರು’ ಎನ್ನುತ್ತಾರೆ. ಅಂಗುಳ ಇನ್ನೂ ಸೋತೇ ಇದ್ದುದರಿಂದ ಆ ದನಿ. ಡಾಕ್ಟರ್ ದಿನಾ ಹೇಳುತ್ತಿದ್ದರು: “ಗಂಟಲು ನೋಡಿ ಮೋಸ ಹೋಗಬ್ಯಾಡ. ಎದಿ ಇನ್ನೂ ಸೋತೈತಿ. ಮೂರ ವಾರ ಅಂಗಾತ ಮಲಗಿರಬೇಕು. ಕುಂದ್ರಂಗಿಲ್ಲ, ಇಳಿಯಂಗಿಲ್ಲ, ಊಟ ಚಮಚದಲೆ.” ನಾನು “ಹೂನ್ರಿ ಸರ್” ಎನ್ನುತ್ತಿದ್ದೆ. ಆದರೆ ನೋಡಿ, ಉಸಿರುಗಟ್ಟುವ ಮಗುವನ್ನು ಕಂಡರೆ ಅಪಾಯ ಕಣ್ಣಿಗೆ ಕಾಣುತ್ತದೆ. ನಗುವ ಮಗುವಿನ ಅಪಾಯವನ್ನು ನಂಬುವುದು ಕಷ್ಟ. ಎಷ್ಟು ಓದಿದ್ದರೂ ನನ್ನ ಮನಸ್ಸು ಅದನ್ನು ಒಪ್ಪಿರಲಿಲ್ಲ.

ಎರಡನೆಯ ವಾರದಲ್ಲಿ ಒಂದು ದಿನ ಕಸ್ತೂರಿಯ ಅಜ್ಜಿ ನೀಲವ್ವ ಗುತ್ತಲದಿಂದ ಬಂದಳು. ಗಂಗವ್ವನ ಅತ್ತೆ. ಎರಡು ವರ್ಷದ ಮೊಮ್ಮಗನನ್ನು ಮನೆಯಲ್ಲಿ ಅವಳೇ ನೋಡಿಕೊಳ್ಳುತ್ತಿದ್ದಳು. ಹುಡುಗಿ ನಗುವುದನ್ನು ಕಂಡು ಅತ್ತಳು, ದೃಷ್ಟಿ ತೆಗೆದಳು, ಗೋಡೆಯ ಮೇಲಿನ ದೇವರ ಪಟಕ್ಕೆ ಕೈ ಮುಗಿದಳು. ಹನ್ನೊಂದು ಗಂಟೆಯ ಹೊತ್ತಿಗೆ ಹೊರಟು ನಿಂತಳು. ಗಂಗವ್ವ ಹಿಂದಿನ ನಲ್ಲಿಯಲ್ಲಿ ಬಟ್ಟೆ ಒಗೆಯಲು ಹೋಗಿದ್ದಳು. ಕೋಣೆಯಲ್ಲಿ ನಾವು ಮೂವರೇ.

“ತಂಗೀ, ಸತ್ತ ಕೂಸಿನ್ನ ಬದುಕಿಸಿ ಕೊಟ್ಟಾಕಿ ನೀನು” ಎಂದಳು ನೀಲವ್ವ. ಮೊಮ್ಮಗಳ ಕಡೆ ತಿರುಗಿ, “ಏಳವಾ, ಬಾಯಾರ ಕಾಲಿಗೆ ಬೀಳು. ನಾ ಊರಿಗೆ ಹೊಂಟೇನಿ, ಕಣ್ತುಂಬ ನೋಡಿ ಹೊಕ್ಕೇನಿ” ಎಂದಳು.

“ಬ್ಯಾಡಬೇ ಯವ್ವಾ, ಇಳಿಸಬಾರದು” ಎಂದೆ.

“ಒಂದ ನಮಸ್ಕಾರಕ್ಕ ಏನಾಕ್ಕೈತಿ? ಜೀವಾ ಉಳಿಸಿದಾಕಿ ಕಾಲಿಗೆ ಬೀಳದಿದ್ರ ಹೆಂಗ?”

ನಾನು ಇನ್ನೊಮ್ಮೆ ಬೇಡ ಎನ್ನಬಹುದಿತ್ತು. ಗಟ್ಟಿಯಾಗಿ ಗದರಿಸಬಹುದಿತ್ತು. ನನಗೆ ಆಗ ಇಪ್ಪತ್ತಮೂರು. ಬಸ್ಸಿನಲ್ಲಿ ಪಕ್ಕ ಕೂರಲು ಜನ ಒಲ್ಲೆನ್ನುವಾಗ ಒಬ್ಬ ಹಿರಿಯಳು ನನ್ನ ಕಾಲಿಗೆ ಮೊಮ್ಮಗಳನ್ನು ಬೀಳಿಸುತ್ತಿದ್ದಾಳೆ ಎಂದರೆ ಯಾರಿಗೆ ಖುಷಿಯಾಗದು? ನನಗೆ ಆ ನಮಸ್ಕಾರ ಬೇಕಾಗಿತ್ತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ, ಆದರೆ ನಿಜ ಅದೇ.

ಕಸ್ತೂರಿ ತಾನೇ ಮಂಚದಿಂದ ಜಿಗಿದಳು. ಎರಡೂ ಕೈ ನನ್ನ ಪಾದದ ಮೇಲಿಟ್ಟು ಬಗ್ಗಿದಳು. ನಾನು ಅವಳ ತಲೆ ಮುಟ್ಟಿ, “ನೂರ ವರ್ಷ ಬಾಳವಾ” ಎಂದೆ. ತಲೆ ಮೇಲೇಳಲಿಲ್ಲ.

ಎತ್ತಿ ಮಂಚದ ಮೇಲೆ ಹಾಕಿದಾಗ ತುಟಿ ನೀಲಿಯಾಗಿತ್ತು. ನಾಡಿ ಕೈಗೆ ಸಿಗಲಿಲ್ಲ. ಕೂಗಿದೆ. ಡಾಕ್ಟರ್ ಬಂದರು, ಇಂಜೆಕ್ಷನ್ ಕೊಟ್ಟರು, ಎದೆ ಒತ್ತಿದರು, ಬಹಳ ಹೊತ್ತು ಒತ್ತಿದರು. ಕೊನೆಗೆ ಸ್ಟೆತಾಸ್ಕೋಪು ಕಿವಿಯಿಂದ ತೆಗೆದು ನನ್ನ ಕಡೆ ನೋಡಿದರು.

“ಕೂಸು ಎದ್ದಿತ್ತೇನು?”

“ಇಲ್ರಿ ಸರ್.”

ಅಷ್ಟು ಸಲೀಸಾಗಿ ಆ ಸುಳ್ಳು ನನ್ನ ಬಾಯಿಗೆ ಹೇಗೆ ಬಂತೋ ಇವತ್ತಿಗೂ ತಿಳಿಯದು. ನೀಲವ್ವ ಬಾಗಿಲ ಹತ್ತಿರ ನಿಂತಿದ್ದಳು. ಡಾಕ್ಟರ್ ಕೇಳಿದ್ದನ್ನೂ ಕೇಳಿಸಿಕೊಂಡಳು, ನಾನು ಹೇಳಿದ್ದನ್ನೂ ಕೇಳಿಸಿಕೊಂಡಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ಒದ್ದೆ ಬಟ್ಟೆ ಹಿಡಿದುಕೊಂಡು ಗಂಗವ್ವ ಓಡಿ ಬಂದಳು. ಅವಳು ಮಗಳ ಮೇಲೆ ಬಿದ್ದು ಅಳುತ್ತಿರುವಾಗಲೇ ನೀಲವ್ವ ಕೇಳಿದಳು: “ಮುಂಜಾನೆ ಏನ ತಿನಿಸಿದ್ದಿ?” ಗಂಗವ್ವ ದಿಕ್ಕುತಪ್ಪಿದವಳಂತೆ, “ಪೇರಲಹಣ್ಣಿಂದು ಒಂದ ಚೂರು… ಬೇಡಿತ್ರಿ, ಕೊಟ್ಟೆ” ಎಂದಳು. “ಪೇರಲಹಣ್ಣು! ಗಂಟಲ ಬ್ಯಾನಿ ಕೂಸಿಗೆ! ನೀನ ಕೊಂದಿ ನನ್ನ ಮೊಮ್ಮಗಳ್ನ” ಎಂದು ನೀಲವ್ವ ಎದೆ ಬಡಿದುಕೊಂಡಳು. ಮೆತ್ತನೆಯ ಹಣ್ಣು ಕೊಡಬಹುದೆಂದು ಡಾಕ್ಟರೇ ಹೇಳಿದ್ದರು. ನಾನು ಅಲ್ಲೇ ನಿಂತಿದ್ದೆ. ಹಣ್ಣಿನಿಂದ ಏನೂ ಆಗಿಲ್ಲ ಎಂಬ ಒಂದು ಮಾತು ಹೇಳಲಿಲ್ಲ. ಹೇಳಿದರೆ ಮತ್ತೆ ಯಾತರಿಂದ ಆಯಿತು ಎಂದು ಕೇಳುತ್ತಾರಲ್ಲ ಎಂಬ ಭಯ.

ಮರುದಿನ ಡಾಕ್ಟರ್ ನನ್ನನ್ನು ಫ್ರಿಜ್ಜಿನ ಹತ್ತಿರ ಕರೆದರು. “ಕೂಸು ಮಲಗೇ ಇತ್ತು, ಗಂಟಲು ಸ್ವಚ್ಛ ಆಗಿತ್ತು, ಆದ್ರೂ ಹೃದಯ ನಿಂತತಿ ಅಂದ್ರ ವಿಷ ಪೂರ್ತಿ ಮುರದಿಲ್ಲ ಅಂತ ಅರ್ಥ. ಹಿಂದಿನ ತಿಂಗಳ ಎರಡ ದಿನ ಕರೆಂಟ್ ಇರಲಿಲ್ಲಲ್ಲ, ಸೀರಮ್ ಕೆಟ್ಟಿರಬೇಕು” ಎಂದರು. ಉಳಿದ ಬಾಟಲಿಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ, ‘ಬಳಸಬಾರದು’ ಎಂದು ಚೀಟಿ ಅಂಟಿಸಲು ನನಗೇ ಹೇಳಿದರು. ನಾನು ಅಂಟು ಹಚ್ಚಿ ಅಂಟಿಸಿದೆ. ಚೀಟಿ ಸೊಟ್ಟಗಾಯಿತು. ಹೊಸ ಸೀರಮ್ಮಿಗೆ ಬರೆದು ಕಳಿಸಿದ್ದಾಯಿತು. ಅದು ಬರುವವರೆಗೆ ಯಾವ ಮಗುವೂ ಬರದಿರಲಿ ಎಂದು ನಾನು ಬೇಡದ ದೇವರಿಲ್ಲ. ದಿನಾ ಮುಂಜಾನೆ ಆಸ್ಪತ್ರೆಯ ಗೇಟು ಕಾಣುವ ತಿರುವಿನಲ್ಲಿ ನಿಂತು ರೋಗಿಯ ಗಾಡಿ ಬಂದಿದೆಯೇನೋ ಎಂದು ನೋಡುತ್ತಿದ್ದೆ.

ಐದನೆಯ ದಿನವೋ ಆರನೆಯ ದಿನವೋ, ಗಾಡಿ ನಿಂತಿತ್ತು.

ಕುಪ್ಪೇಲೂರಿನ ಹುಡುಗ, ಹೆಸರು ಬಸು, ಐದು ವರ್ಷ ಇರಬಹುದು. ಅಪ್ಪ ಎತ್ತಿಕೊಂಡು ಒಳಗೆ ಬಂದ. ಪ್ರತಿ ಉಸಿರಿಗೂ ಹುಡುಗನ ಗಂಟಲ ಕುಳಿ ಒಳಕ್ಕೆ ಹೋಗುತ್ತಿತ್ತು. ಡಾಕ್ಟರ್ ಗಂಟಲು ನೋಡಿ, ಪೆನಿಸಿಲಿನ್ ಕೊಡಿಸಿ, ಗಂಟಲು ಕೊಯ್ದು ಕೊಳವೆ ಇಡುವ ಸಾಮಾನು ಕುದಿಸಲು ಹೇಳಿದರು.

“ಸೀರಮ್ ಕೊಡೂದಿಲ್ಲೇನ್ರಿ ಸರ್?” ಎಂದೆ.

“ಯಾವ ಸೀರಮ್ ಕೊಡಲಿ? ಕೆಟ್ಟದ್ದು ಕೊಟ್ರ ಉಪಯೋಗಿಲ್ಲ. ಅದನ್ನೊಮ್ಮೆ ಚುಚ್ಚಿದ್ರ, ಮುಂದ ಹೊಸದು ಕೊಡೂವಾಗ ಮೈಗೆ ಒಗ್ಗದ ಹುಡುಗ ಸಾಯಬೌದು. ಹೊಸದು ತರಾಕ ಜೀಪ್ ಹುಬ್ಬಳ್ಳಿಗೆ ಹೋಗೇತಿ, ಸಂಜಿಗೆ ಬರ್ತೈತಿ.”

ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ. ಸೀರಮ್ ತಡವಾದಷ್ಟೂ ವಿಷ ಇಳಿಯುತ್ತದೆ, ಇಳಿದದ್ದನ್ನು ಹಿಂದಕ್ಕೆ ತರಲಾಗದು. ಅದನ್ನು ನನಗೆ ಕಲಿಸಿದವರೇ ಅವರು. ನಾನು ಸಾಮಾನು ಕುದಿಸಲು ಹೋದೆ. ಕುದಿಸಿದ್ದನ್ನೇ ಮತ್ತೆ ಕುದಿಸಿದೆ. ಹೇಳಿದರೆ ನೌಕರಿ ಹೋಗುತ್ತದೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಪೊಲೀಸರು ಬರಬಹುದು. ಗುತ್ತಲದವರು ಊರೆಲ್ಲ ಸೇರಿ ಬರಬಹುದು. ಹೇಳದಿದ್ದರೆ? ಈ ಹುಡುಗ ಸಂಜೆಯವರೆಗೆ ತಡೆದುಕೊಳ್ಳಲೂಬಹುದಲ್ಲ. ಜೀಪು ಬೇಗ ಬರಬಹುದಲ್ಲ. ಹೀಗೆ ನನ್ನೊಳಗೆ ನಾನೇ ಚೌಕಾಶಿ ಮಾಡುತ್ತ ಅರ್ಧ ಗಂಟೆ ಕಳೆದೆ. ಆ ಅರ್ಧ ಗಂಟೆಗಾಗಿ ನನ್ನನ್ನು ನಾನು ಕ್ಷಮಿಸಿಲ್ಲ.

ನಮ್ಮ ಆಯಾ ಹುಸೇನಬಿ ಬಂದು, “ಬಾಯೀ, ಹುಡುಗನ ಕೈ ತಣ್ಣಗಾಗಾಕತ್ತಾವ” ಎಂದಳು. ಒಲೆಯ ಮೇಲಿನದನ್ನು ಹಾಗೇ ಬಿಟ್ಟು ಡಾಕ್ಟರರ ಖೋಲಿಗೆ ಹೋದೆ.

“ಸರ್, ಸೀರಮ್ ಕೆಟ್ಟಿಲ್ರಿ. ಕಸ್ತೂರಿ ಎದ್ದಿದ್ಲು. ಮಂಚದಿಂದ ಜಿಗದು ನನ್ನ ಕಾಲಿಗೆ ಬಿದ್ಲು. ನಾ ತಡೀಲಿಲ್ಲ. ಆಗ ಸುಳ್ಳ ಹೇಳಿದೆ.”

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಬೈಯಲಿ ಎಂದು ಕಾದೆ, ಬೈಯಲಿಲ್ಲ. ಎದ್ದು ಹೊರಟವರು ಬಾಗಿಲಲ್ಲಿ, “ಡಬ್ಬಿ ತಗೊಂಡ ಬಾ. ಟೆಸ್ಟ್ ಡೋಸ್ ಹಾಕು” ಎಂದರು, ಅಷ್ಟೇ.

ನಾನು ಅಂಟಿಸಿದ್ದ ಚೀಟಿಯನ್ನು ನಾನೇ ಕಿತ್ತೆ. ಹುಡುಗನ ತೋಳಿನ ಚರ್ಮದಡಿ ಒಂದು ಹನಿ ಚುಚ್ಚಿ ಗಡಿಯಾರ ನೋಡುತ್ತ ನಿಂತೆ. ಒಗ್ಗದಿದ್ದರೆ ಚುಚ್ಚಿದಲ್ಲಿ ಕೆಂಪಾಗಿ ಉಬ್ಬಬೇಕು. ನನಗೆ ಎಲ್ಲವೂ ಕೆಂಪಾಗಿಯೇ ಕಾಣುತ್ತಿತ್ತು. “ಉಬ್ಬೇತೇನ್ರಿ, ಉಬ್ಬೇತೇನ್ರಿ” ಎಂದು ಹುಸೇನಬಿಯನ್ನು ಹತ್ತು ಸಲ ಕೇಳಿದೆ. ಉಬ್ಬಲಿಲ್ಲ. ಪೂರ್ತಿ ಸೀರಮ್ ಹೋಯಿತು. ಮಧ್ಯಾಹ್ನ ಎರಡರ ಹೊತ್ತಿಗೆ ಉಸಿರು ಇನ್ನೂ ಬಿಗಿಯಾಗಿ ಡಾಕ್ಟರ್ ಗಂಟಲು ಕೊಯ್ದು ಕೊಳವೆ ಇಟ್ಟರು. ಕೊಳವೆಯಿಂದ ಮೊದಲ ಉಸಿರು ಸುಯ್ ಎಂದು ಬಂದಾಗ ಅವನ ಅಪ್ಪ ಹೊರಗಿನ ಕಟ್ಟೆಯ ಮೇಲೆ ಮುಖ ಮುಚ್ಚಿಕೊಂಡು ಕುಳಿತಿದ್ದ. ನಾಲ್ಕನೆಯ ದಿನ ಪೊರೆ ಸುಲಿಯತೊಡಗಿತು. ಸೀರಮ್ಮಿನಲ್ಲಿ ಏನೂ ಕೆಟ್ಟಿರಲಿಲ್ಲ.

ಡಾಕ್ಟರ್ ಕಸ್ತೂರಿಯ ಕೇಸ್ ಪೇಪರ್ ತಂದು ನನ್ನ ಮುಂದೆ ಇಟ್ಟರು. “ನಿನ್ನ ಕೈಯಿಂದನ ಬರಿ” ಎಂದರು. ‘ಮಗು ಹಾಸಿಗೆಯಿಂದ ಇಳಿದಿತ್ತು. ಕರ್ತವ್ಯದಲ್ಲಿದ್ದ ನರ್ಸ್ ತಡೆಯಲಿಲ್ಲ’ ಎಂದು ಬರೆದು ಸಹಿ ಮಾಡಿದೆ. ಅವಳು ಇಳಿಯದಿದ್ದರೆ ಬದುಕುತ್ತಿದ್ದಳೇ ಎಂದು ಕೇಳಿದೆ. “ಗೊತ್ತಿಲ್ಲ. ಮಲಗಿದಲ್ಲೆ ಹೋಗೂ ಕೂಸುಗಳೂ ಇರ್ತಾವ. ಆದ್ರ ಮಲಗಿಸೂದು ನಮ್ಮ ಕೆಲಸಿತ್ತು” ಎಂದರು. ಮೇಲಿನವರಿಗೆ ವರದಿ ಹೋಯಿತು, ನನಗೆ ನೋಟಿಸು ಬಂತು, ವಿಚಾರಣೆಯೂ ಆಯಿತು. ನೌಕರಿ ಹೇಗೋ ಉಳಿಯಿತು. ಆ ಭಾಗ ಬೇಸರದ್ದು, ಬಿಡುತ್ತೇನೆ.

ಬಸುನನ್ನು ನಾನು ಮಿಸುಕಾಡಲು ಬಿಡಲಿಲ್ಲ. ದಿಂಬು ಕೊಡಲಿಲ್ಲ. ಹಾಲು ಚಮಚದಲ್ಲಿ. ಸೊಳ್ಳೆ ಕಡಿದರೆ ತುರಿಸುವವಳೂ ನಾನೇ. “ಪೊಲೀಸ್ ಬಾಯಾರು” ಎಂದು ಅವನ ಮನೆಯವರು ನನಗೆ ಹೆಸರಿಟ್ಟರು. ಎರಡನೆಯ ವಾರದಲ್ಲಿ ಒಂದು ಮುಂಜಾನೆ ನಾಡಿ ತಪ್ಪಿ ತಪ್ಪಿ ಬಡಿಯತೊಡಗಿತು. ನನ್ನ ಬೆರಳು ಅವನ ಮಣಿಕಟ್ಟಿನ ಮೇಲೆ, ಕಣ್ಣು ಗಡಿಯಾರದ ಮೇಲೆ. ಎರಡು ದಿನ ಹಾಗೇ ನಡೆದು ಆಮೇಲೆ ಸರಿಹೋಯಿತು. ತಿಂಗಳ ಮೇಲೆ ಅಪ್ಪನ ಹೆಗಲ ಮೇಲೆ ಕುಳಿತು ಅವನು ಮನೆಗೆ ಹೋದ. ಎಲ್ಲರೂ ನಗುತ್ತಿದ್ದರು. ನನಗೆ ನಗು ಬರಲಿಲ್ಲ.

ಅದಕ್ಕೆ ಕಾರಣವಿತ್ತು. ಹುಸೇನಬಿಯ ತವರು ಗುತ್ತಲ. ರಜೆಗೆ ಹೋಗಿ ಬಂದವಳು ನನಗೆ ಹೇಳಿದ್ದಳು: “ಬಾಯೀ, ಆ ಗಂಗವ್ವಗ ಮಗನಿಗೆ ಒಂದ ತುತ್ತೂ ಉಣಿಸಾಕ ಬಿಡವಲ್ರಂತ. ‘ಒಂದನ್ನ ತಿನಿಸಿ ಕೊಂದಿ, ಇದನ್ನ ಮುಟ್ಟಬ್ಯಾಡ’ ಅಂತಾಳಂತ ಅತ್ತಿ. ಗಂಡನೂ ಮಾತಾಡಂಗಿಲ್ಲಂತ. ಆ ಹೆಣ್ಮಗಳಿಗೂ ತಾನ ಕೊಂದೇನಿ ಅಂತ ಖಾತ್ರಿ ಆಗೇತಿ. ಓಣ್ಯಾಗಿನ ಹುಡುಗರು ನೀರ ಕೇಳಿದ್ರೂ ಕೊಡಾಕ ಅಂಜತಾಳ.”

ಡಾಕ್ಟರರಿಗೆ ಹೇಳಿದ್ದು ಒಂದು ಹುಡುಗನ ಜೀವಕ್ಕಾಗಿ. ಅದಕ್ಕೆ ಅವಸರವಿತ್ತು, ಆ ಅವಸರವೇ ನನ್ನನ್ನು ದೂಡಿತ್ತು. ಇದಕ್ಕೆ ಯಾವ ಗಡಿಯಾರವೂ ಇರಲಿಲ್ಲ. ನಾಳೆ ಹೋದರಾಯಿತು, ಬರುವ ವಾರ ಹೋದರಾಯಿತು ಎಂದು ಮುಂದೂಡುತ್ತ ಹೋದೆ. ಇನ್ನೊಂದು ತೊಡಕೂ ಇತ್ತು. ನಿಜ ಹೇಳಿದರೆ ಗಂಗವ್ವನ ತಲೆಯ ಮೇಲಿನ ಹೊರೆ ಇಳಿಯುತ್ತದೆ, ಖರೇ. ಆದರೆ ಅದು ಹೋಗಿ ಮುದುಕಿಯ ತಲೆಯ ಮೇಲೆ ಕೂರುತ್ತದೆ. ಮೊಮ್ಮಗಳನ್ನು ಇಳಿಸಿದವಳು ಅವಳೇ ಅಲ್ಲವೇ? ಕೊನೆಗೆ ಅವಳ ಹೆಸರೆತ್ತದೆ ಎಲ್ಲವನ್ನೂ ನನ್ನ ಮೇಲೇ ಹಾಕಿಕೊಂಡು ಹೇಳುವುದೆಂದು ನಿಶ್ಚಯ ಮಾಡಿಕೊಂಡೆ. ಒಂದು ರವಿವಾರ ಹುಸೇನಬಿಯನ್ನು ಜೊತೆಗೆ ಕರೆದುಕೊಂಡು ಗುತ್ತಲದ ಬಸ್ಸು ಹತ್ತಿದೆ.

ನಾವು ಹೋದಾಗ ಊಟದ ಹೊತ್ತು. ಪಡಸಾಲೆಯಲ್ಲಿ ನೀಲವ್ವ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಲಿನಲ್ಲಿ ರೊಟ್ಟಿ ಹಿಚುಕುತ್ತಿದ್ದಳು. ಗಂಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಹಳ ಇಳಿದುಹೋಗಿದ್ದಳು. ನನ್ನನ್ನು ಗುರುತಿಸಿ, “ಬರ್ರಿ ಬಾಯಾರ, ಕುಂದ್ರಿ” ಎಂದಳು. ಚಾಪೆ ಹಾಸಿದಳು, ನೀರು ತಂದಳು. ತಂಬಿಗೆಯನ್ನು ನನ್ನ ಕೈಗೆ ಕೊಡದೆ ದೂರ ನೆಲದ ಮೇಲಿಟ್ಟಳು. ನೀಲವ್ವ ನನ್ನನ್ನು ನೋಡಿದವಳೇ ಮುಖ ತಗ್ಗಿಸಿದಳು.

ನಾನು ಕೂರಲಿಲ್ಲ. ಕುಳಿತರೆ ಮಾತು ಹೊರಡಲಾರದು ಎನಿಸಿತು.

“ಗಂಗವ್ವಾ, ನಿನ್ನ ಮಗಳು ಪೇರಲಹಣ್ಣಿಂದ ಸತ್ತಿಲ್ಲ. ಹಣ್ಣು ಕೊಡಬೌದು ಅಂತ ಡಾಕ್ಟರ್ ಹೇಳಿದ್ರು. ಆ ದಿನ ನೀ ಬಟ್ಟಿ ಒಗ್ಯಾಕ ಹೋದಾಗ ಕೂಸು ಮಂಚದಿಂದ ಇಳೀತು. ಇಳೀಬಾರದಿತ್ತು. ಅದರ ಎದಿ ಸೋತಿತ್ತು, ಅದು ನನಗ ಗೊತ್ತಿತ್ತು. ಆದ್ರೂ ನಾ ಬಿಟ್ಟೆ. ಡಾಕ್ಟರ್ ಕೇಳಿದಾಗ ಸುಳ್ಳ ಹೇಳಿದೆ. ತಪ್ಪು ನಂದು. ನಿಂದೇನಿಲ್ಲ.”

ಗಂಗವ್ವ ಅಳಲಿಲ್ಲ. ಅರ್ಥವಾಗಲಿಲ್ಲವೇನೋ ಎಂದುಕೊಂಡೆ. ನನ್ನ ಕಡೆ ನೋಡಿ ಕೇಳಿದಳು:

“ಯಾಕ ಇಳೀತ್ರಿ?”

ಈ ಒಂದು ಪ್ರಶ್ನೆಗೆ ನಾನು ತಯಾರಾಗಿ ಬಂದಿರಲಿಲ್ಲ. ಆಟಕ್ಕೆ ಇಳಿಯಿತು ಎನ್ನಲೇ? ನೀರಿಗೆ ಇಳಿಯಿತು ಎನ್ನಲೇ? ಮತ್ತೊಂದು ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತ್ತು. “ಅದು… ಆಗ…” ಎಂದು ತಡವರಿಸಿದೆ.

“ಆಕೀನ್ನ ಕೇಳಬ್ಯಾಡ” ಎಂದಳು ನೀಲವ್ವ. ಕೈ ಇನ್ನೂ ತಾಟಿನಲ್ಲೇ ಇತ್ತು. “ನಾ ಇಳಿಸೀನಿ. ಬಾಯಾರ ಕಾಲಿಗೆ ಬೀಳು ಅಂದಾಕಿ ನಾನ. ಆಕಿ ಬ್ಯಾಡ ಅಂದ್ಲು. ನಾ ಕೇಳಲಿಲ್ಲ.”

ಅವಳೇ ಮುಂದುವರಿಸಿದಳು.

“ಕೂಸು ಎದ್ದಿತ್ತೇನು ಅಂತ ಡಾಕ್ಟರ್ ಕೇಳಿದ್ರಲ್ಲ, ಆಗನ ನನಗ ತಿಳೀತು. ಎದಿ ಧಸಕ್ ಅಂತು. ಅದಕ್ಕ ಹಣ್ಣಿನ ಮಾತ ತಗದೆ. ಇಷ್ಟ ದಿನ ಎಲ್ಲಾ ಗೊತ್ತಿದ್ದು ನಿನ್ನ ಬೈದೇನಿ.”

ಗಂಗವ್ವ ಬಾಗಿಲ ಚೌಕಟ್ಟು ಬಿಟ್ಟು ಮುಂದೆ ಬಂದಳು. ಅತ್ತೆಯನ್ನು ಹೊಡೆದಾಳೇನೋ ಎಂದು ಹುಸೇನಬಿ ಒಂದು ಹೆಜ್ಜೆ ಮುಂದಿಟ್ಟಳು. ಗಂಗವ್ವ ಬಗ್ಗಿ ಮಗನನ್ನು ಅತ್ತೆಯ ತೊಡೆಯಿಂದ ಎತ್ತಿಕೊಂಡಳು. ಇನ್ನೊಂದು ಕೈಯಲ್ಲಿ ತಾಟು ತೆಗೆದುಕೊಂಡಳು. ಅಡುಗೆಮನೆಯ ಹೊಸ್ತಿಲಲ್ಲಿ ನಮಗೆ ಬೆನ್ನು ಮಾಡಿ ಕುಳಿತು ಒಂದು ತುತ್ತು ಎತ್ತಿದಳು. ಹುಡುಗ ಅಜ್ಜಿಯ ಕಡೆ ತಿರುಗಿ ನೋಡಿದ.

“ತಿನ್ನಪಾ” ಎಂದಳು ನೀಲವ್ವ. “ನಿಮ್ಮವ್ವ ಉಣಸ್ತಾಳ, ತಿನ್ನು.”

ನಾನು ಇನ್ನೂ ನಿಂತೇ ಇದ್ದೆ. ಏನಾದರೂ ಅನ್ನುತ್ತಾಳೆ, ಒಂದು ಮಾತು, ಬೈಗುಳವಾದರೂ ಸರಿ ಎಂದು ಕಾಯುತ್ತಿದ್ದೆ. ಗಂಗವ್ವ ತಿರುಗದೆಯೇ ಹೇಳಿದಳು:

“ನೀವಿನ್ನ ಹೋಗ್ರಿ ಬಾಯಾರ. ನಾ ಮಗನ್ನ ಉಣಿಸಬೇಕು.”